ಹೆಬ್ಬಾತುಗಳಿಗೆ ಎದುರಾದ ಹರಿಗೋಲು

ಶಿರಹಟ್ಟಿಯ ಆಚೆಗಿನ ಆ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತಿದ್ದವು. ಇರುಳೆಲ್ಲ ಹೊಲಗಳಲ್ಲಿ ಮೇದು, ಹಗಲು ನೀರಿನ ಮೇಲೆ ದಣಿವಾರಿಸಿಕೊಳ್ಳುತ್ತಿದ್ದವು. ಪ್ರವಾಸಿಗರಿಗಾಗಿ ಅಲ್ಲಿ ದೋಣಿ ಬಿಡುವ ಮಾತು ಕೆರೆಯ ದಂಡೆಯ ಊರಿನಲ್ಲಿ ಎದ್ದಾಗ ಅದನ್ನು ತಡೆಯಲೇಬೇಕೆಂದು ನಾನು ಹೊರಟೆ. ಮಾತಿಗೆ ಮಣಿಯದವರು ಚಿತ್ರಕ್ಕೆ ಮಣಿದಾರು ಎಂಬ ನಂಬಿಕೆಯಿಂದ, ಕ್ಯಾಮೆರಾ ಹೆಗಲಿಗೇರಿಸಿ ಗದುಗಿನಿಂದ ಮೊದಲ ಬಸ್ಸು ಹಿಡಿದೆ.

ಕೆರೆಯಲ್ಲಿದ್ದುದು ಒಂದೇ ಹರಿಗೋಲು. ಅದರ ಒಡೆಯ ಸಿಂಗಟಾಲೂರಿನ ಕಡೆಯಿಂದ ಬಂದು ನೆಲೆಸಿದ ವಯಸ್ಸಾದ ಮೀನುಗಾರ. ಆತ ಹಕ್ಕಿಗಳಿಗೆ ಬೆನ್ನು ಮಾಡಿ ಕುಳಿತು, ಅಡ್ಡಡ್ಡ ತೇಲುತ್ತ ಬಲೆ ಎಳೆಯುತ್ತಿದ್ದ, ಹಕ್ಕಿಗಳು ಕದಲುತ್ತಿರಲಿಲ್ಲ. ನನಗೂ ಹಾಗೆಯೇ ಕೂರಲು ಹೇಳಿದ.

"ಅವುಕ್ಕ ಮಾರಿ ತೋರಿಸಬಾರದ್ರಿ ಸರ. ದನಾ ಮೇಯ್ಕೋತ ಹೋದಂಗ ಹೋಗೋಣು. ಬೀಗರ ಮನಿಗೆ ಹೋದಂಗ ನೆಟ್ಟಗ ಹೋದ್ರ ಎದ್ದುಬಿಡ್ತಾವು."

ಹಾಗೆ ಹೋದರೆ ನನಗೆ ಸಿಗುತ್ತಿದ್ದುದು ದೂರದ ಬೂದು ಚುಕ್ಕೆಗಳು ಮಾತ್ರ. ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದ್ದ ನಾನು ವಾದಕ್ಕಿಳಿದೆ. ಹಿಮದ ಶಿಖರಗಳನ್ನೇ ದಾಟಿ ಬಂದ ಹಕ್ಕಿ ಒಂದು ಹರಿಗೋಲಿಗೆ ಹೆದರುವುದೇ ಎಂದೆ. ಒಂದು ದಿನದ ತೊಂದರೆಯಿಂದ ಎಷ್ಟೋ ವರ್ಷಗಳ ರಕ್ಷಣೆ ದೊರೆಯುವುದಾದರೆ ಯಾವುದು ಹೆಚ್ಚು ಎಂದು ಕೇಳಿದೆ. "ಆತ್ರಿ. ಓದಿದವ್ರು ನೀವು, ಖರೆ ಇರಬೇಕು," ಎಂದು ಆತ ಹುಟ್ಟು ತಿರುಗಿಸಿದ.

ನೇರ ನುಗ್ಗಿದೆವು. ಕೆರೆಗೆ ಕೆರೆಯೇ ಮೇಲೆದ್ದಂತಾಯಿತು. ನಾನು ಒಂದೇ ಸಮನೆ ಚಿತ್ರ ತೆಗೆಯುತ್ತಿದ್ದೆ. ಆ ಹಿಂಡು ಅಂದು ಸಂಜೆಯವರೆಗೂ ನೀರಿಗೆ ಇಳಿಯಲಿಲ್ಲ.

ಆ ಚಿತ್ರಗಳಲ್ಲಿ ಒಂದನ್ನು ದೊಡ್ಡದಾಗಿ ಮುದ್ರಿಸಿ ಊರಿನ ಸಭೆಗೆ ಒಯ್ದೆ. ಆಕಾಶದ ತುಂಬ ರೆಕ್ಕೆ, ಕೆಳಗೆ ಒಡೆದ ನೀರು. ಸಭೆ ಮೆಚ್ಚಿ ತಲೆದೂಗಿತು. ಇಷ್ಟು ಚೆಂದದ್ದು ಊರಲ್ಲಿದೆಯೆಂದು ಗೊತ್ತೇ ಇರಲಿಲ್ಲವೆಂದರು. ಇದನ್ನು ನೋಡಲು ಜನ ಬಂದೇ ಬರುತ್ತಾರೆ, ದೋಣಿ ಬೇಕೇ ಬೇಕು ಎಂದರು. ದೋಣಿ ಬಂದರೆ ಹಕ್ಕಿ ಉಳಿಯದೆಂದು ನಾನು ಸಿದ್ಧಪಡಿಸಿಕೊಂಡಿದ್ದ ವಾದವನ್ನೆಲ್ಲ ಮಂಡಿಸಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹೆಣ್ಣುಮಗಳು ಎದ್ದು, ಕುಹಕವೇನೂ ಇಲ್ಲದೆ, ತಿಳಿಯುವ ಆಸೆಯಿಂದಲೇ ಕೇಳಿದಳು.

"ಸರ, ಇದನ್ನ ನೀವು ಎಲ್ಲಿ ಕುಂತು ತಗದ್ರಿ?"

ಎಷ್ಟೋ ವೇದಿಕೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿದ್ದ ನಾನು ಅಂದು ಚಿತ್ರವನ್ನು ಮೇಜಿನ ಮೇಲಿಟ್ಟು ಕುಳಿತುಬಿಟ್ಟೆ. ದೋಣಿ ಬಿಡುವ ನಿರ್ಣಯ ಅವಿರೋಧವಾಗಿ ಆಯಿತು. ನನ್ನ ಚಿತ್ರವನ್ನು ಏರಿಯ ಮೇಲೆ ಫಲಕವಾಗಿ ನಿಲ್ಲಿಸಿದರು. ಬಂದವರೆಲ್ಲ ಅಂಥದೇ ನೋಟ ಬೇಕೆಂದು ದೋಣಿಯನ್ನು ಹಕ್ಕಿಗಳ ನಡುವೆಯೇ ನಡೆಸುವಂತೆ ಹೇಳುತ್ತಿದ್ದರು.

ಎರಡನೆಯ ಚಳಿಗಾಲದಲ್ಲಿ ಹಿಂಡು ಕೆರೆಯ ಮೇಲೆ ಒಂದು ಸುತ್ತು ಹಾಕಿ ತೆಂಕಣಕ್ಕೆ ಹೋಯಿತಂತೆ. ಸುದ್ದಿ ತಡವಾಗಿ ತಿಳಿದು ಧಾವಿಸಿದೆ. ಇನ್ನಾದರೂ ದೋಣಿ ನಿಲ್ಲಿಸಲು ಊರಿನವರಿಗೆ ಹೇಳೋಣ, ನನ್ನ ಜೊತೆ ಬಾ ಕಾಕಾ ಎಂದು ಮೀನುಗಾರನನ್ನು ಬೇಡಿಕೊಂಡೆ. ಆತ ಏರಿಯ ಮೇಲೆ ಕುಳಿತು ಹರಿದ ಬಲೆ ಹೆಣೆಯುತ್ತಿದ್ದ.

"ದೋಣಿ ನಿಂತು ಭಾಳ ದಿನಾ ಆತ್ರಿ ಸರ," ಎಂದ. "ನೋಡಾಕ ಏನೈತಂತ ಬರ್ತಾರು?"