ಒರೆಸಣ್ಣನ ಊಟ

ಕನ್ನಡಕದಂಗಡಿಯವನು ಬೆಳಿಗ್ಗೆ ಎದ್ದವನೇ, ಇನ್ನೂ ಹಲ್ಲುಜ್ಜುವ ಮೊದಲು, ಅಕ್ವೇರಿಯಂ ಒರೆಸುತ್ತಿದ್ದ. ಹೊರಮೈಗೆ ಅಂಗಡಿಯ ಹಳದಿ ಬಟ್ಟೆ, ಒಳಮೈಗೆ ಉದ್ದ ಹಿಡಿಯ ಸ್ಪಂಜು, ಮೂಲೆಗಳಿಗೆ ಹತ್ತಿ ಸುತ್ತಿದ ಕಡ್ಡಿ. ಗಾಜಿನ ಮೇಲೆ ಬಾಯಿಂದ ಆವಿ ಬಿಟ್ಟು, ಒರೆಸಿ, ತಲೆ ವಾರೆ ಮಾಡಿ ಬೆಳಕಿಗೆ ನೋಡುತ್ತಿದ್ದ. ಕಂಡವರ ಕನ್ನಡಕದ ಮೇಲಿನ ಬೆರಳ ಗುರುತು ಅಳಿಸಿ ಪಳಗಿದ ಕೈ ಅದು. ಗಾಜಿನ ಮೇಲೆ ಕಲೆ ಕಂಡರೆ ಅವನಿಗೆ ಬೆನ್ನಿನ ಮೇಲೆ ಜಿರಲೆ ಹರಿದಂತಾಗುತ್ತಿತ್ತು.

ಅವನು ಈ ಕಡೆಯಿಂದ ಒರೆಸುವಾಗ ಆ ಕಡೆಯಿಂದಲೂ ಒಂದು ಕೈ ಒರೆಸುತ್ತಿರುತ್ತಿತ್ತು. ಅದು ಅವನ ಅಕ್ಕನದು. ಇಬ್ಬರೂ ಮುಖ ನೋಡುತ್ತಿರಲಿಲ್ಲ, ಕೈ ಮಾತ್ರ ನೋಡುತ್ತಿದ್ದರು.

ತಂದೆಯ ಮನೆ ಪಾಲಾದಾಗ ನಡುವಿನ ಬಾಗಿಲನ್ನು ಮುಚ್ಚಬೇಕಿತ್ತು. ತಂದೆಯ ಅಕ್ವೇರಿಯಂ ಯಾರಿಗೆಂಬ ತಕರಾರೂ ಇತ್ತು. ಪಂಚಾಯ್ತಿಗೆ ಬಂದ ಸೋದರಮಾವ ಎರಡು ಗಂಟನ್ನೂ ಒಂದೇ ಎಳೆತಕ್ಕೆ ಬಿಚ್ಚಿದರು. ಬಾಗಿಲಿದ್ದ ಜಾಗದಲ್ಲಿ ಸೊಂಟದೆತ್ತರ ಇಟ್ಟಿಗೆ ಕಟ್ಟಿಸಿ, ಮೇಲೆ ಅಕ್ವೇರಿಯಂ ಕೂರಿಸಿದರು. ಅದರ ಮೇಲೆ, ಮುಚ್ಚಳ ತೆಗೆಯಲೆಂದು, ಒಂದು ಮೊಳ ಸಂದು ಬಿಟ್ಟರು. ಮೀನುಗಳನ್ನೂ ಹಂಚಿದರು: ಕಿತ್ತಳೆ ಬಣ್ಣದವು ಅಕ್ಕನಿಗೆ, ಪಟ್ಟೆಯವು ತಮ್ಮನಿಗೆ. ಅವರವರ ಮೀನಿಗೆ ಅವರವರೇ ಊಟ ಹಾಕಬೇಕು. ನೀರಿಗೆ ಬಿದ್ದ ಕಾಳಿನ ಮೇಲೆ ಯಾರ ಹೆಸರೂ ಇರುವುದಿಲ್ಲ ಎಂಬುದು ಮೀನುಗಳಿಗೆ ತಿಳಿದಿತ್ತು, ಮಾವನಿಗೆ ಹೊಳೆಯಲಿಲ್ಲ.

ಕೊನೆಗೆ ಉಳಿದದ್ದು ಗಾಜಿಗೆ ಬಾಯಿ ಅಂಟಿಸಿಕೊಂಡಿರುತ್ತಿದ್ದ, ಕಪ್ಪು ಮೈಯ, ಸಣ್ಣ ಮೀಸೆಯ ಮೀನು. ಪಾಚಿ ತಿನ್ನುವ ಜಾತಿಯದು. ಮನೆಯವರೆಲ್ಲ ಅದನ್ನು ಒರೆಸಣ್ಣ ಎನ್ನುತ್ತಿದ್ದರು.

"ಅದಕ್ಕೆ ಯಾರೂ ಏನೂ ಹಾಕೋದು ಬೇಡ. ಗಾಜು ನೆಕ್ಕಿ ಬದುಕುತ್ತೆ, ದುಡಿದು ತಿನ್ನೋ ಪ್ರಾಣಿ. ಇಬ್ಬರಿಗೂ ಸೇರಿದ್ದು" ಎಂದರು ಮಾವ.

ಅಕ್ಕನ ಕಸುಬು ಏನೆಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಕೆ ಬಟ್ಟೆಗಳ ಡ್ರೈಕ್ಲೀನಿಂಗ್ ಅಂಗಡಿಯವಳು. ಶಾಯಿ, ಎಣ್ಣೆ, ತುಕ್ಕು, ಯಾವ ಕಲೆಯೂ ಅವಳ ಕೈಯಿಂದ ತಪ್ಪಿಸಿಕೊಂಡದ್ದಿಲ್ಲ. ಅಕ್ಕ ತಮ್ಮ ಎರಡೂ ಕಡೆಯಿಂದ ತಿಕ್ಕುವ ರಭಸಕ್ಕೆ ಆ ತೊಟ್ಟಿಯಲ್ಲಿ ಹುಟ್ಟಲು ಪಾಚಿಯೇ ಹೆದರುತ್ತಿತ್ತು.

ಇಬ್ಬರ ನಡುವೆ ಮಾತು ನಿಂತದ್ದು ಮನೆ ಪಾಲಾದದ್ದಕ್ಕಲ್ಲ. ತಮ್ಮ ಮಾಡಿಕೊಟ್ಟ ಕನ್ನಡಕದಲ್ಲಿ ನೆಲ ಇಳಿಜಾರಾಗಿ ಕಾಣುತ್ತದೆ ಎಂದಳು ಅಕ್ಕ. ನೆಲವೇ ಇಳಿಜಾರಾಗಿದೆ ಎಂದ ತಮ್ಮ. ಅಕ್ಕ ಹೋಗಿ ಎದುರು ಬೀದಿಯ ಅಂಗಡಿಯಲ್ಲಿ ಬೇರೆ ಕನ್ನಡಕ ಮಾಡಿಸಿಕೊಂಡಳು. ಮಾರನೆಯ ದಿನದಿಂದ ತಮ್ಮನ ಕೋಟು ಬೇರೆ ಡ್ರೈಕ್ಲೀನಿಂಗಿಗೆ ಹೋಗತೊಡಗಿತು.

ಆಮೇಲೊಂದು ಪಟ್ಟೆ ಮೀನು ಸತ್ತಾಗ, ಹೆಚ್ಚು ಕಾಳು ಹಾಕಿ ಕೊಂದವರು ಯಾರೆಂದು ಮಾವನ ಮುಂದೆ ರಂಪವಾಯಿತು. ಇನ್ನೊಂದು ಮೀನು ಸತ್ತರೆ ಅಕ್ವೇರಿಯಂ ಕಿತ್ತು ಪೂರ್ತಿ ಗೋಡೆ ಎಬ್ಬಿಸುವುದೆಂದು ಅವರು ತೀರ್ಮಾನ ಕೊಟ್ಟರು. ಅಕ್ಕ ಅಂದೇ ಇಟ್ಟಿಗೆ ತರಿಸಿ ಜಗಲಿಯ ಮೇಲೆ ಪೇರಿಸಿದಳು. ಗಾರೆಯವನಿಗೂ ಹೇಳಿಟ್ಟಳು.

ಆ ಗೋಡೆ ಕನ್ನಡಕದವನಿಗೆ ಬೇಕಿರಲಿಲ್ಲ. ಅದನ್ನು ಅವನು ಬಾಯಿಬಿಟ್ಟು ಯಾರಿಗೂ ಹೇಳಿದವನಲ್ಲ. ಆದರೆ ಸಂಜೆ ಅಂಗಡಿಯಿಂದ ಬಂದವನು ಚಹಾ ಹಿಡಿದು ಅಕ್ವೇರಿಯಂ ಎದುರಿಗೇ ಕೂರುತ್ತಿದ್ದ. ಮೀನುಗಳ ಹಿಂದೆ, ನೀರಿನಾಚೆ, ಬಟ್ಟೆಯ ಗಂಟು ಸೊಂಟಕ್ಕಿಟ್ಟುಕೊಂಡು ಅಕ್ಕ ಹಾದುಹೋಗುತ್ತಿದ್ದಳು. ಅವಳು ಹಾದುಹೋದ ಮೇಲೆಯೇ ಅವನು ಚಹಾ ಮುಗಿಸುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಸ್ಪಂಜು ಇಳಿಬಿಟ್ಟಾಗ ಒರೆಸಣ್ಣ ಗಾಜಿನ ಮೇಲಿರಲಿಲ್ಲ. ತಳದ ಕಲ್ಲುಗಳ ಮೇಲೆ ವಾಲಿಕೊಂಡಿತ್ತು. ಹೊಟ್ಟೆ ಚಮಚದಂತೆ ಒಳಸರಿದಿತ್ತು. ಕನ್ನಡಕದವನು ಫೋನಿನಲ್ಲಿ ಚಿತ್ರ ತೆಗೆದು, ಸಾಕುಮೀನು ಮಾರುವ ಅಂಗಡಿಗೆ ಓಡಿದ.

ಅಂಗಡಿಯವನು ಚಿತ್ರ ನೋಡಿ ಕೇಳಿದ: "ಏನ್ ಸಾರ್, ಇದಕ್ಕೆ ಊಟ ಏನ್ ಹಾಕ್ತೀರಾ?"

"ಏನೂ ಇಲ್ಲ. ಪಾಚಿ ತಿನ್ನುತ್ತಲ್ಲ?"

"ಪಾಚಿ ಎಲ್ಲಿದೆ ಸಾರ್? ಗಾಜು ಇದೆಯೋ ಇಲ್ವೋ ಅನ್ನೋದೇ ಗೊತ್ತಾಗ್ತಿಲ್ಲ. ಸೌತೆಕಾಯಿ ಬಿಲ್ಲೆ ಹಾಕಿ, ಮುಳುಗೋಕೆ ಚಮಚ ಚುಚ್ಚಿ. ಬೆಳಕಿದ್ರೆ ಇದು ಬರಲ್ಲ, ಬಾಕಿ ಮೀನು ತಿಂದ್ಬಿಡ್ತವೆ. ಕತ್ತಲೆ ಮಾಡಿ. ಇವತ್ತೇ ಹಾಕಿ, ರಾತ್ರಿವರೆಗೂ ತಡೆಯೋ ಥರ ಕಾಣ್ಸಲ್ಲ. ಇನ್ನೊಂದು ಮಾತು, ದಯವಿಟ್ಟು ಆ ಗಾಜು ಮುಟ್ಟಬೇಡಿ."

ಕೊನೆಯ ಮಾತು ಕೇಳಿ ಕನ್ನಡಕದವನ ಮುಖ ಬಾಡಿತು.

ಮನೆಗೆ ಬಂದು ಸ್ಟೀಲ್ ಚಮಚಕ್ಕೆ ಸೌತೆಕಾಯಿ ಸಿಕ್ಕಿಸಿ ನೀರಿಗಿಳಿಸಿದ. ಐದು ನಿಮಿಷವಾಗಿರಲಿಲ್ಲ, ಆ ಕಡೆಯ ಸಂದಿನಿಂದ ಬಟ್ಟೆ ಎತ್ತುವ ಇಕ್ಕಳ ಇಳಿದು ಬಂದು ಚಮಚದ ಸಮೇತ ಸೌತೆಕಾಯಿಯನ್ನು ಎತ್ತಿಕೊಂಡು ಹೋಯಿತು. ಅವನು ಇನ್ನೊಂದು ಹಾಕಿದ. ಅದೂ ಹೋಯಿತು. ಮೂರನೆಯದು ಇಳಿಯುವಷ್ಟರಲ್ಲಿ ಇಕ್ಕಳ ಮತ್ತೆ ಸಂದಿನಲ್ಲಿ ಇಣುಕಿತು.

"ರೀ, ಮನೇಲಿ ಚಮಚ ಮುಗೀತಾ ಬಂತು. ಬಾಯಿಬಿಟ್ಟು ಹೇಳ್ಬಾರ್ದಾ?" ಎಂದಳು ಹೆಂಡತಿ.

ಅವನು ಅಕ್ಕನೊಡನೆ ಮಾತಾಡುವಂತಿರಲಿಲ್ಲ. ಮೀನಿನೊಡನೆ ಮಾತಾಡಲು ಅಡ್ಡಿಯಿರಲಿಲ್ಲ. ಸಂದಿಗೆ ಬಾಯಿಟ್ಟು ದನಿ ಎತ್ತಿ ಹೇಳಿದ: "ಒರೆಸಣ್ಣ, ಸೌತೆಕಾಯಿ ಹಾಕ್ತಿರೋದು ನಿನ್ನನ್ನ ಕೊಲ್ಲೋಕಲ್ಲಪ್ಪ. ನೀನು ಉಪವಾಸ ಸಾಯ್ತಿದೀಯ. ಇದನ್ನ ಕೆಲವರಿಗೆ ಸ್ವಲ್ಪ ತಿಳಿಸು."

ಇಕ್ಕಳ ನಿಂತಿತು. ಆ ಕಡೆಯಿಂದ ಉತ್ತರ ಬಂತು: "ಒರೆಸಣ್ಣ, ಊಟ ಹಾಕೋರು ಹೇಳಿ ಹಾಕ್ಬೇಕು ಅಂತ ಅವರಿಗೆ ಹೇಳು. ನೀರಲ್ಲಿ ಚಮಚ ಬಿದ್ದಿದ್ರೆ ಯಾರಾದ್ರೂ ಏನಂದ್ಕೋಬೇಕು?"

"ಕತ್ತಲೆ ಬೇಕಂತೆ ಒರೆಸಣ್ಣ. ಎರಡು ಮನೇಲೂ. ಈಗ್ಲೇ."

"ಈ ಮಧ್ಯಾಹ್ನದಲ್ಲಿ ಕತ್ತಲೆ ಎಲ್ಲಿಂದ ತರೋದು ಒರೆಸಣ್ಣ?" ಎಂದಳು ಅಕ್ಕ. ಆಮೇಲೆ ತನ್ನ ಗಂಡನಿಗೆ ಕೂಗಿದಳು: "ಏನ್ರೀ, ಅಂಗಡೀಲಿರೋ ಗಿರಾಕಿಗಳ ಕಂಬಳಿ ಅಷ್ಟೂ ತನ್ನಿ!"

ನಾಲ್ಕು ಗಂಟೆಯ ಹೊತ್ತಿಗೆ ಎರಡೂ ಮನೆಯ ಕಿಟಕಿಗಳಿಗೆ ಊರ ಜನರ ಕಂಬಳಿಗಳು ನೇತಾಡುತ್ತಿದ್ದವು. ಬಾಗಿಲ ಸಂದಿಗೆ ಯಾರದೋ ಮದುವೆಯ ಕಪ್ಪು ಕೋಟು ತುರುಕಲಾಗಿತ್ತು. ಏನಾಯ್ತೆಂದು ವಿಚಾರಿಸಲು ಬಂದ ಪಕ್ಕದ ಮನೆಯಾಕೆಗೆ ಕನ್ನಡಕದವನ ಹೆಂಡತಿ ಬಾಗಿಲಲ್ಲೇ ಹೇಳಿದಳು: "ಏನಿಲ್ಲ, ಮೀನು ಊಟಕ್ಕೆ ಕೂತಿದೆ. ಆಮೇಲೆ ಬನ್ನಿ."

ಕನ್ನಡಕದವನು ಹೊಸ ಬಿಲ್ಲೆ ಸಿಕ್ಕಿಸಿದ ಚಮಚವನ್ನು ನೀರಿಗಿಳಿಸಿದ. ಕಣ್ಣಿಗೆ ಕೈ ಕಾಣದ ಕತ್ತಲೆಯಲ್ಲಿ ಈ ಕಡೆ ಇಬ್ಬರು, ಆ ಕಡೆ ಇಬ್ಬರು ಕುರ್ಚಿ ಹಾಕಿಕೊಂಡು ಕೂತರು. ಬಹಳ ಹೊತ್ತು ನೀರಿನ ಮೋಟರಿನ ಗುರುಗುರು ಬಿಟ್ಟರೆ ಏನೂ ಕೇಳಲಿಲ್ಲ.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ" ಎಂದರು ಭಾವ. "ಅಕ್ಕ ತಮ್ಮನ ಜಗಳದಲ್ಲಿ ಮೀನು ಬಡವಾದದ್ದು ಇದೇ ಮೊದಲು."

"ಸುಮ್ಮನಿರಿ ಭಾವ, ಕೇಳಿಸ್ಕೊಳ್ಳಿ" ಎಂದ ಕನ್ನಡಕದವನು.

ಕರ್ ಕರ್ ಎಂದು ಸಣ್ಣಗೆ ಸದ್ದಾಯಿತು. ಉಗುರಿನಿಂದ ಸಿಪ್ಪೆ ಕೆರೆದಂತಹ ಸದ್ದು. ನಿಂತಿತು. ಮತ್ತೆ ಶುರುವಾಯಿತು.

"ತಿಂತಿದೆ ಕಣೋ" ಎಂದಳು ಅಕ್ಕ.

ಆ 'ಕಣೋ' ಮೀನಿಗೆ ಹೇಳಿದ್ದಲ್ಲ. ಕನ್ನಡಕದವನು ಕುರ್ಚಿಯಲ್ಲಿ ಮುಂದಕ್ಕೆ ಸರಿದ. "ಹೂಂ ಅಕ್ಕ, ತಿಂತಿದೆ."

"ನಾಳೆ ಬೆಳಿಗ್ಗೆ ಗಾಜು ಒರೆಸ್ತೀಯಾ?"

"ಇಲ್ಲ. ನೀನು?"

"ನಾನ್ಯಾಕೆ ಒರೆಸ್ಲಿ? ನೀನು ಒರೆಸ್ತೀಯ ಅಂತ ನಾನು ಒರೆಸ್ತಿದ್ದೆ."

"ನಾನೂ ಅದಕ್ಕೇ."

"ಸರಿಹೋಯ್ತು. ಲೋ, ಗಾರೆಯವನಿಗೆ ಬೇಡ ಅಂತ ಫೋನ್ ಮಾಡ್ಬೇಕಲ್ಲೋ. ತಡಿ, ಈಗ್ಲೇ..."

"ಬೇಡ ಬೇಡ!" ಎಂದು ಮೂರು ದನಿಗಳು ಒಟ್ಟಿಗೆ ಪಿಸುಗುಟ್ಟಿದವು. ಫೋನ್ ತೆಗೆದರೆ ಬೆಳಕಾಗುತ್ತಿತ್ತು.

ಐದು ಗಂಟೆಗೆ ಕಂಬಳಿ ತೆಗೆದಾಗ ಚಮಚದಲ್ಲಿ ಸೌತೆಕಾಯಿಯ ಹಸಿರು ಉಂಗುರವಷ್ಟೇ ಉಳಿದಿತ್ತು. ಬೆಳಕು ಬರುತ್ತಲೇ ಅಕ್ಕ ತಮ್ಮ ಇಬ್ಬರಿಗೂ ಕಸಿವಿಸಿಯಾಗಿ, ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಅಕ್ಕ ಬಚ್ಚಲಲ್ಲಿ ನಿಂತು ಗಾರೆಯವನಿಗೆ ಫೋನ್ ಮಾಡಿದ್ದು ಎರಡೂ ಮನೆಗೆ ಕೇಳಿಸಿತು.

ಅದಾಗಿ ಗಾಜಿನ ಮೇಲೆ ಹಸಿರು ಪದರ ಕೂತಿದೆ. ನೀರಿನಾಚೆ ಯಾರು ಹಾದುಹೋದರೂ ಈಗ ಬರೀ ನೆರಳು. ಕನ್ನಡಕದವನು ಬೆಳಿಗ್ಗೆ ಎದ್ದು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ತೊಟ್ಟಿಯ ಮುಂದೆ ನಿಂತು, ಹಲ್ಲುಕಚ್ಚಿ ಆ ಪಾಚಿಯನ್ನು ನೋಡುತ್ತಾನೆ. ಹಗಲಲ್ಲಿ ಅಕ್ಕ ತಮ್ಮ ಈಗಲೂ ಮಾತಾಡುವುದಿಲ್ಲ. ಮಾತೆಲ್ಲ ಬುಧವಾರ ಮತ್ತು ಭಾನುವಾರ, ನಾಲ್ಕರಿಂದ ಐದರವರೆಗೆ, ಕಂಬಳಿ ಇಳಿಬಿಟ್ಟ ಮೇಲೆ. ಈ ಬುಧವಾರ ಸೌತೆಕಾಯಿ ಹೆಚ್ಚುವ ಪಾಳಿ ಅಕ್ಕನದು.