ಅವ್ವನ ಎದೆಗೆ ಒತ್ತಿದ ದಿಂಡು

ಸಂಶೋಧನೆಯ ಆ ವರ್ಷಗಳಲ್ಲಿ ನನ್ನ ಸೋಮವಾರಗಳೆಲ್ಲ ಪ್ರಯೋಗಾಲಯದ ಹೆಣ್ಣಿಲಿಗಳ ಪಾಲು. ಜೀವಕೋಶಕ್ಕೆ ‘ಒಡೆದು ಎರಡಾಗು’ ಎಂದು ಅಪ್ಪಣೆ ಕೊಡುವ ಜೀನು ಅವುಗಳ ಸ್ತನದಲ್ಲಿ ಅತಿಯಾಗಿ ಕೆಲಸ ಮಾಡುವಂತೆ ಮಾಡಿದ್ದೆವು. ಸುಮ್ಮನಿರಬೇಕಾದ ಕೋಶಗಳೂ ಒಡೆಯುತ್ತಲೇ ಇರುತ್ತಿದ್ದವು. ತಿಂಗಳುಗಟ್ಟಲೆ ಕಾದರೆ ಕೆಲವು ಇಲಿಗಳಿಗೆ ಗಂಟು ಏಳುತ್ತಿತ್ತು. ಒಂದೊಂದನ್ನೂ ಹಿಡಿದು, ಬೆರಳಾಡಿಸಿ ಗಂಟು ಹುಡುಕುವುದು ನನ್ನ ಕೆಲಸ. ಜೋಳದ ಕಾಳಿನಷ್ಟಿದ್ದರೂ ನನ್ನ ಬೆರಳಿಗೆ ತಪ್ಪುತ್ತಿರಲಿಲ್ಲ. ಅದರ ಜಂಬವೂ ಇತ್ತು.

ಇಳಕಲ್ಲಿನಲ್ಲಿ ಅವ್ವ ಸೀರೆ ನೇಯುತ್ತಿದ್ದಳು. ಮಗ್ಗಕ್ಕೆ ಕೂತವರ ಎದುರಿಗೇ ನೇಯ್ದ ಬಟ್ಟೆ ಸುತ್ತುವ ದಿಂಡು ಇರುತ್ತದೆ. ಸೆರಗಿನ ಎಳೆ ಕೂಡಿಸಲು ಬಗ್ಗಿದಾಗಲೆಲ್ಲ ಎದೆಗೆ ತಾಗುತ್ತದೆ. ಒಮ್ಮೆ ರಜೆಗೆ ಹೋದಾಗ ಅವಳು ಆ ದಿಂಡಿಗೆ ಹಳೆಯ ಅರಿವೆ ಸುತ್ತಿದ್ದಳು.

“ಎದಿಗೆ ಒತ್ತತೈತಿ. ಎಡಕ್ಕ ಭಾಳ ನೋಯತೈತಿ,” ಎಂದಳು.

ನೇಕಾರರ ಮನೆಯಲ್ಲಿ ಮೈನೋವಿಗೆಲ್ಲ ಮಗ್ಗವೇ ಹೊಣೆ. ನಾನೂ ಅದೇ ಮನೆಯವಳಲ್ಲವೇ? ಹತ್ತಿ ತುಂಬಿದ ಮೆತ್ತೆ ಹೊಲಿದು, ದಿಂಡಿಗೆ ಕಟ್ಟಿ, ಮಹಾ ಉಪಕಾರ ಮಾಡಿದವಳಂತೆ ಹೊರಟುಬಂದೆ. ವಾರವಾರವೂ ಇಲಿಗಳನ್ನು ತಡವುವ ನನಗೆ ‘ಎಲ್ಲಿ, ತೋರಿಸು’ ಎನ್ನಲು ತೋಚಲೇ ಇಲ್ಲ. ನೆನೆದರೆ ಈಗಲೂ ನನ್ನ ಮೇಲೆ ಸಿಟ್ಟು ಬರುತ್ತದೆ.

ದೀಪಾವಳಿಯ ಹೊತ್ತಿಗೆ ಅವ್ವ ನೋವು ತಡೆಯಲಾರದೆ, ಮನೆಯಲ್ಲೇ ಇದ್ದ ನನ್ನ ತಂಗಿಗೆ ತೋರಿಸಿದಳಂತೆ. ಸುದ್ದಿ ಕೇಳಿ ಊರಿಗೆ ಓಡಿದೆ. ಬಾಗಲಕೋಟೆಯ ಡಾಕ್ಟರು, ಗಂಟು ಕಂಕುಳಿಗೂ ಹಬ್ಬಿದೆ, ಭಾಳ ತಡವಾಯಿತು ಎಂದರು. ತಂಗಿ, ನಾನು, ಅವ್ವ ಮೂವರೂ ಬಸ್ಸಿನಲ್ಲಿ ಮರಳುವಾಗ, ಹುನಗುಂದ ದಾಟಿದ ಮೇಲೆ ಅವ್ವ ನನ್ನ ಕಡೆ ತಿರುಗಿದಳು.

“ಖರೆ ಹೇಳು. ಇದು ಮಗ್ಗದಿಂದ ಬಂದದ್ದೇನು?”

ಅಲ್ಲ ಎಂದೆ. ನನ್ನ ಇಲಿಗಳ ವಿಷಯ ಹೇಳಿದೆ. ಯಾವ ಪೆಟ್ಟೂ ಬೀಳದೆ, ಕೋಶದೊಳಗಿನ ಅಪ್ಪಣೆ ಹದ ತಪ್ಪಿದರೂ ಗಂಟು ಏಳುತ್ತದೆ, ನಿನ್ನಲ್ಲಿ ಯಾವುದು ತಪ್ಪಿತೋ ಗೊತ್ತಿಲ್ಲ ಎಂದೆ.

“ಹಂಗಾದ್ರ ನಿನ್ನ ತಂಗಿ ನನ್ನ ಮಗ್ಗಕ್ಕ ಕೂತ್ರ ಏನೂ ಆಗಂಗಿಲ್ಲ, ಹೌದಿಲ್ಲೊ?”

ತಾಯಿಗೆ ಬಂದದ್ದು ಕೆಲವೊಮ್ಮೆ ಮಗಳಿಗೂ ಬರಬಹುದು ಎಂದು ನನಗೆ ಗೊತ್ತಿತ್ತು. ಅವ್ವನ ಮುಖ ನೋಡಿದೆ.

“ಏನೂ ಆಗಂಗಿಲ್ಲವ್ವಾ,” ಎಂದೆ.

ಅವ್ವ ನಿಟ್ಟುಸಿರು ಬಿಟ್ಟು, ಪಕ್ಕದಲ್ಲಿದ್ದ ತಂಗಿಯ ತಲೆ ಸವರಿದಳು.

ಬೇಸಿಗೆ ಮುಗಿಯುವ ಮೊದಲೇ ಅವ್ವ ಹೋದಳು. ದಿನಕರ್ಮ ಮುಗಿದ ಮೇಲೆ, ನೀನೂ ಒಮ್ಮೆ ಡಾಕ್ಟರಿಗೆ ತೋರಿಸಿಕೋ, ನಡೆ ಎಂದು ತಂಗಿಯನ್ನು ಕರೆದೆ. ಅವಳು ಅವ್ವನ ಮಗ್ಗದಿಂದ ಏಳಲಿಲ್ಲ.

“ಯಾಕ? ಏನೂ ಆಗಂಗಿಲ್ಲ ಅಂತ ಅವ್ವಗ ನೀನ ಹೇಳಿದೆಲ್ಲ?”