ಅರ್ಧ ದಾರಿಯಲ್ಲಿ ಇಳಿಸದ ಹೊರೆ

ಮೊನ್ನೆ ಬೆಳಿಗ್ಗೆ ದಾವಣಗೆರೆಯ ವಿದ್ಯಾನಗರದಿಂದ ಅಲ್ಲೇ ಇರುವ ಆನೆಕೊಂಡಕ್ಕೆ ಹೊರಟಿದ್ದೆ. ಕಾರಿನ ಗಾಜು ಇಳಿಸಿದ್ದೇ ತಡ, ಯಾವುದೋ ಮಂಡಕ್ಕಿ ಭಟ್ಟಿಯಿಂದ ಕಾದ ಮರಳಿನ ವಾಸನೆ ಮೂಗಿಗೆ ಬಡಿಯಿತು... ಆನೆಕೊಂಡದಲ್ಲಿ ನಮ್ಮ ಹಳೆಯ ಮನೆಯ ಪಕ್ಕದಲ್ಲಿದ್ದ ಅಣ್ಣ ಸೈನ್ಯ ಸೇರುವ ಮೊದಲು ಇಂಥದೇ ಭಟ್ಟಿಯಲ್ಲಿ ಭತ್ತದ ಚೀಲ ಹೊರುತ್ತಿದ್ದ.

ಆಳು ಸಣಕಲು. ಗಾಳಿಗೆ ಹಾರಿ ಹೋಗುತ್ತೀಯ ಎಂದು ಓಣಿಯವರೆಲ್ಲ ರೇಗಿಸುತ್ತಿದ್ದೆವು. ಸೈನ್ಯಕ್ಕೆ ಆಯ್ಕೆಯಾದ ಎಂದಾಗ ನಾನಂತೂ ನಂಬಲೇ ಇಲ್ಲ. ಎರಡೇ ವರ್ಷಕ್ಕೆ ಯುದ್ಧ ಬಂತು. ಪತ್ರವಿಲ್ಲ, ಫೋನಿಲ್ಲ... ಅವನ ತಾಯಿ ರೇಡಿಯೊ ಮುಂದಿನಿಂದ ಏಳುತ್ತಿರಲಿಲ್ಲ.

ಆಮೇಲೊಂದು ದಿನ ಪೇಪರಿನಲ್ಲಿ ಅವನ ಫೋಟೊ! ಹಿಮದ ಬೆಟ್ಟದಲ್ಲಿ ಕಾಲಿಗೆ ಗುಂಡು ಬಿದ್ದಿದ್ದ ಹರಿಹರದ ಸೈನಿಕ ಗೆಳೆಯನನ್ನು, ಶತ್ರುಗಳು ಗುಂಡು ಹಾರಿಸುತ್ತಿದ್ದಂತೆಯೇ, ಬೆನ್ನ ಮೇಲೆ ಹೊತ್ತು ಕೆಳಗೆ ತಂದಿದ್ದ. ಶೌರ್ಯ ಪದಕ ಬಂದಿತ್ತು.

ರಜೆಗೆ ಬಂದಾಗ ದಾವಣಗೆರೆ ಸ್ಟೇಷನ್ನಿನಲ್ಲಿ ಬ್ಯಾಂಡ್ ಸೆಟ್ಟು, ಹಾರ, ಪಟಾಕಿ. ತೆರೆದ ಜೀಪಿನಲ್ಲಿ ಮೆರವಣಿಗೆ. ಜೈಕಾರ ಕೂಗಿ ಕೂಗಿ ನನ್ನ ಗಂಟಲು ಎರಡು ದಿನ ಕಟ್ಟಿತ್ತು. ಸನ್ಮಾನದಲ್ಲಿ ಯಾರೋ ಹಿರಿಯರು ಕೇಳಿದರು.

"ಅಷ್ಟು ದೂರ ಹೆಂಗ್ ಹೊತ್ರಿ? ಎಲ್ಲೂ ದಣಿವಾರಿಸ್ಕೊಳ್ಲಿಲ್ವೇನ್ರಿ?"

ಮೈಕಿನ ಮುಂದೆ ಅಣ್ಣ ತಡವರಿಸಿದ. "ಭಟ್ಟೀಲಿ ಕಲ್ತಿದ್ದೆ ಕಣ್ರಿ. ಒಬ್ನೇ ಇದ್ದಾಗ ಚೀಲನ ಅರ್ಧ ದಾರೀಲಿ ಇಳಿಸ್ಬಾರ್ದು, ಮತ್ತೆ ಎತ್ತಾಕೆ ಆಗಲ್ಲ. 'ಇಳಿಸು, ನೀನಾದ್ರೂ ಬದುಕು' ಅಂತಿದ್ದ ಅವನು. ನಾ ಇಳಿಸ್ಲಿಲ್ಲ."

ಭಟ್ಟಿಯ ಹಮಾಲರು ತಲೆಯ ಮೇಲಿನ ಟವೆಲ್ ಬಿಚ್ಚಿ ಬೀಸುತ್ತ ಕುಣಿದೇಬಿಟ್ಟರು. ಪದಕ ತಮಗೇ ಬಂದಷ್ಟು ಹಿಗ್ಗು ಅವರಿಗೆ. ಸಣಕಲ ಎಂದು ರೇಗಿಸಿದ್ದ ನಾವೆಲ್ಲ ಅವನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಮುಗಿಬಿದ್ದೆವು.

ಅಣ್ಣ ತೀರಿಕೊಂಡು ಮೂರು ವರ್ಷವಾಯಿತು. ಯುದ್ಧ ಗೆದ್ದು ಬಂದವನು ಒಂದು ಜ್ವರಕ್ಕೆ ಹೋಗಿಬಿಟ್ಟ ಎಂದು ನನಗೆ ಇವತ್ತಿಗೂ ಸಿಟ್ಟು...

ಮೊನ್ನೆ ನಾನು ಆನೆಕೊಂಡಕ್ಕೆ ಹೋಗಿದ್ದು ಅವನ ತಾಯಿಯನ್ನು ಹರಿಹರಕ್ಕೆ ಕರೆದೊಯ್ಯಲು. ಆ ಗೆಳೆಯನ ಮಗಳ ಮದುವೆ. ತಾಳಿ ಕಟ್ಟಿಸಿಕೊಂಡ ಹುಡುಗಿ ಬೀಗರನ್ನೆಲ್ಲ ದಾಟಿ ಬಂದು ಮೊದಲು ಎರಗಿದ್ದು ಈ ತಾಯಿಯ ಕಾಲಿಗೆ. ಅವಳ ಅಪ್ಪ ಕುಂಟುತ್ತ ಬಂದು ಕೈಮುಗಿದು ನಿಂತ.

"ಏಳವ್ವ, ಚೆಂದಾಗಿ ಬಾಳು," ಎಂದರು ತಾಯಿ. ಆಮೇಲೆ ಇಡೀ ಕಲ್ಯಾಣ ಮಂಟಪಕ್ಕೆ ಕೇಳುವಂತೆ, "ನನ್ ಮಗ ಉಳಿಸಿದ ಮನೆ ಇದು!"

ಅವರು ಅಳಲಿಲ್ಲ. ನಾನೇ ಅತ್ತುಬಿಟ್ಟೆ. ಅಣ್ಣ ಇರಬೇಕಿತ್ತು.